ನೋವಿನ ಜೆಲ್ ತಯಾರಿಸುವುದು ಹೇಗೆ: ಬೀಕರ್‌ನಿಂದ ಚರ್ಮದವರೆಗೆ

ಬೆಂಗಳೂರಿನ ಯಾವ ಮೆಡಿಕಲ್ ಸ್ಟೋರ್‌ನಲ್ಲಿ "ಮಂಡಿ ನೋವಿಗೆ ಹಚ್ಚೋದು ಏನಾದ್ರೂ ಕೊಡಿ" ಅಂದರೂ ಒಂದು ಟ್ಯೂಬ್ ಕೈಗೆ ಬರುತ್ತದೆ. ಅದರ ಹಿಂಬದಿ ಓದಿ ನೋಡಿ. ಹೆಚ್ಚಿನವುಗಳಲ್ಲಿ ಡೈಕ್ಲೋಫೆನಾಕ್ ಡೈಈಥೈಲಮೀನ್ ಶೇ. 1.16 ಎಂದಿರುತ್ತದೆ. ಜೊತೆಗೆ ಮೀಥೈಲ್ ಸ್ಯಾಲಿಸಿಲೇಟ್, ಮೆಂಥಾಲ್, ಅಗಸೆ ಎಣ್ಣೆ. ಹಚ್ಚಿದ ತಕ್ಷಣ ತಣ್ಣಗಾಗುವುದು, ಘಮ ಬರುವುದು ಮೆಂಥಾಲ್ ಮತ್ತು ಸ್ಯಾಲಿಸಿಲೇಟ್‌ನಿಂದ. ಊತ ಇಳಿಸುವ ಮುಖ್ಯ ಕೆಲಸ ಡೈಕ್ಲೋಫೆನಾಕ್‌ನದ್ದು. ಅದು ಸದ್ದಿಲ್ಲದೆ, ನಿಧಾನವಾಗಿ ಒಳಗೆ ಹೋಗಬೇಕು.

ಈ ಬರಹ ಫಾರ್ಮಸಿ ಓದುತ್ತಿರುವವರಿಗೆ. ಅದರಲ್ಲೂ "ಟಾಪಿಕಲ್ ಜೆಲ್" (ಚರ್ಮಕ್ಕೆ ಹಚ್ಚುವ ಜೆಲ್) ಎಂಬ ವಿಷಯ ಸಿಕ್ಕಿ, ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಕೂತಿರುವ ಎಂ.ಫಾರ್ಮ್ ವಿದ್ಯಾರ್ಥಿಗಳಿಗೆ. ನಾನೂ ಹಾಗೇ ಕೂತಿದ್ದವನು. ಸರಿಯಾಗಿ ಬಂದ ಬ್ಯಾಚ್‌ಗಿಂತ ಕೆಡಿಸಿದ ಬ್ಯಾಚ್‌ಗಳೇ ಜಾಸ್ತಿ. ಇದು ಮನೆಯಲ್ಲಿ ಮಾಡಿ ಹಚ್ಚಿಕೊಳ್ಳುವ ರೆಸಿಪಿ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನೋಡಲು ಚೆಂದದ ಜೆಲ್ ಮಾಡಲು ಅರ್ಧ ದಿನ ಸಾಕು. ಒಳಗಿನ ಔಷಧ ಜೆಲ್ ಬಿಟ್ಟು ಚರ್ಮಕ್ಕೆ ಇಳಿಯುವ ಹಾಗೆ ಮಾಡಲು ತಿಂಗಳುಗಳು ಬೇಕು. ನಮ್ಮಲ್ಲಿ ಬಹಳಷ್ಟು ಪ್ರಾಜೆಕ್ಟ್‌ಗಳು ಮೊದಲನೆಯದನ್ನು ಮಾಡಿ ಎರಡನೆಯದೂ ಆಯಿತು ಎಂದು ಬರೆದುಬಿಡುತ್ತವೆ.

ಮೊದಲು ಗೋಡೆ ನೋಡಿ

ಚರ್ಮದ ತೀರಾ ಮೇಲಿನ ಪದರದ ಹೆಸರು ಸ್ಟ್ರೇಟಮ್ ಕಾರ್ನಿಯಮ್. ದೇಹದ ಹೆಚ್ಚಿನ ಕಡೆ ಅದರ ದಪ್ಪ 10ರಿಂದ 20 ಮೈಕ್ರೋಮೀಟರ್ ಅಷ್ಟೇ. ಸತ್ತ ಕೋಶಗಳು ಇಟ್ಟಿಗೆಯ ಹಾಗೆ, ನಡುವಿನ ಕೊಬ್ಬು ಗಾರೆಯ ಹಾಗೆ. ಔಷಧ ಮುಖ್ಯವಾಗಿ ಆ ಗಾರೆಯೊಳಗೆ ನುಸುಳಿ ದಾಟಬೇಕು. ಆದ್ದರಿಂದ ಅಣು ಚಿಕ್ಕದಿರಬೇಕು, ಅಣುತೂಕ ಸುಮಾರು 500 ಡಾಲ್ಟನ್ ಒಳಗೆ. ಕೊಬ್ಬಿನಲ್ಲೂ ಸ್ವಲ್ಪ ಕರಗಬೇಕು, ಕೆಳಗಿನ ನೀರಿನಂಶದ ಪದರದಲ್ಲೂ ಸ್ವಲ್ಪ ಕರಗಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಔಷಧ ಹೊಸಿಲಲ್ಲೇ ನಿಲ್ಲುತ್ತದೆ.

ಊತ ಇಳಿಸುವ ಔಷಧಗಳಲ್ಲಿ ಐಬುಪ್ರೊಫೇನ್ ಸುಮಾರು 206, ಕೀಟೊಪ್ರೊಫೇನ್ 254, ಡೈಕ್ಲೋಫೆನಾಕ್ 296, ಪೈರಾಕ್ಸಿಕಾಮ್ 331 ಡಾಲ್ಟನ್. ಎಲ್ಲವೂ ಗಾತ್ರದ ಪರೀಕ್ಷೆಯಲ್ಲಿ ಪಾಸ್. ಕೀಟೊಪ್ರೊಫೇನ್ ಹಚ್ಚಿದ ಜಾಗ ಬಿಸಿಲಿಗೆ ಬಿದ್ದರೆ ಚರ್ಮ ಕೆಂಪಾಗಿ ಕೆರಳುವುದುಂಟು. ನಮ್ಮ ಬಿಸಿಲಿಗೆ ಅದನ್ನು ಆರಿಸುವ ಮುನ್ನ ಯೋಚಿಸಿ. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಡೈಕ್ಲೋಫೆನಾಕ್. ಹೋಲಿಸಿ ನೋಡಲು ಮಾರುಕಟ್ಟೆಯ ಟ್ಯೂಬ್ ಸುಲಭವಾಗಿ ಸಿಗುತ್ತದೆ. ಅದೇ ದೊಡ್ಡ ಅನುಕೂಲ.

ಮಾತ್ರೆ ಇರುವಾಗ ಜೆಲ್ ಯಾಕೆ ಎಂದು ವೈವಾದಲ್ಲಿ ಕೇಳಿಯೇ ಕೇಳುತ್ತಾರೆ. ಮಾತ್ರೆಯಾದರೆ ಔಷಧ ರಕ್ತದ ಮೂಲಕ ಇಡೀ ದೇಹ ಸುತ್ತುತ್ತದೆ, ಹೊಟ್ಟೆಗೂ ಕಿಡ್ನಿಗೂ ತೊಂದರೆ ಕೊಡಬಹುದು. ಡೈಕ್ಲೋಫೆನಾಕ್ ಸೋಡಿಯಂ ಶೇ. 1 ಜೆಲ್ ಅನ್ನು ಒಂದು ಮಂಡಿಗೆ ದಿನಕ್ಕೆ 4 ಬಾರಿ, ಸಲಕ್ಕೆ 4 ಗ್ರಾಂನಂತೆ ಹಚ್ಚಿದಾಗ ರಕ್ತಕ್ಕೆ ಸೇರುವುದು ಮಾತ್ರೆಯಲ್ಲಿ ಸೇರುವುದರ ಸುಮಾರು ಶೇ. 6 ಮಾತ್ರ.

1.16 ಎಂಬ ವಿಚಿತ್ರ ಅಂಕಿಯ ಗುಟ್ಟೂ ಇಲ್ಲೇ ಇದೆ. ಡೈಈಥೈಲಮೀನ್ ಲವಣದ ಅಣುತೂಕ 369, ಸೋಡಿಯಂ ಲವಣದ್ದು 318. ಭಾಗಿಸಿದರೆ 1.16. ಅಂದರೆ ಶೇ. 1.16 ಡೈಈಥೈಲಮೀನ್ ಲವಣದಲ್ಲಿರುವ ಡೈಕ್ಲೋಫೆನಾಕ್, ಶೇ. 1 ಸೋಡಿಯಂ ಲವಣದಲ್ಲಿ ಇರುವಷ್ಟೇ. ಡೈಈಥೈಲಮೀನ್ ಯಾಕೆ ಅಂದರೆ, ಅದು ಡೈಕ್ಲೋಫೆನಾಕ್ ಜೊತೆ ಅಂಟಿಕೊಂಡು ಹೋಗುತ್ತದೆ. ಆ ಜೋಡಿಗೆ ಸೋಡಿಯಂ ಲವಣಕ್ಕಿಂತ ಕೊಬ್ಬಿನ ಒಲವು ಜಾಸ್ತಿ.

ಪುಡಿಯ ಪರಿಚಯ

ಔಷಧದ ಪುಡಿ ಬಂದ ದಿನವೇ ಕರಗುವ ಬಿಂದು ನೋಡಿ, ಎಫ್‌ಟಿಐಆರ್ (ಅಣುವಿನ ಗುರುತು ಹಿಡಿಯುವ ಅತಿಗೆಂಪು ಪರೀಕ್ಷೆ) ತೆಗೆಸಿ, ಮೆಥನಾಲ್‌ನಲ್ಲಿ ಕರಗಿಸಿ ಯುವಿ ಸ್ಕ್ಯಾನ್ (ಯಾವ ಬೆಳಕನ್ನು ಹೀರುತ್ತದೆ ಎಂಬ ಪರೀಕ್ಷೆ) ಮಾಡಿ. ಡೈಕ್ಲೋಫೆನಾಕ್ 276 ನ್ಯಾನೋಮೀಟರ್ ಸುತ್ತಮುತ್ತ ಶಿಖರ ಕೊಡಬೇಕು. ಬಳಸುವ ಪ್ರತಿ ಪಾಲಿಮರ್ (ಜೆಲ್ ಕಟ್ಟುವ ಪುಡಿ) ಜೊತೆ ಬೆರೆಸಿ ಇನ್ನೊಮ್ಮೆ ಎಫ್‌ಟಿಐಆರ್. ಇದೆಲ್ಲ ನಿಮ್ಮ ಪ್ರಾಕ್ಟಿಕಲ್ ರೆಕಾರ್ಡಿನಲ್ಲೇ ಇದೆ, ಹೆಚ್ಚು ಹೇಳುವುದಿಲ್ಲ.

ಒಂದನ್ನು ಮಾತ್ರ ಬಿಡಬೇಡಿ. ಬೇರೆ ಬೇರೆ ದ್ರಾವಕಗಳಲ್ಲಿ ಔಷಧ ಗರಿಷ್ಠ ಎಷ್ಟು ಕರಗುತ್ತದೆ ಎಂದು ಅಳೆಯಿರಿ. ನೀರು, ಪ್ರೊಪಿಲೀನ್ ಗ್ಲೈಕಾಲ್, ಐಸೊಪ್ರೊಪೈಲ್ ಆಲ್ಕೋಹಾಲ್, ಇವುಗಳನ್ನು ನಾನಾ ಪ್ರಮಾಣದಲ್ಲಿ ಬೆರೆಸಿದ ಮಿಶ್ರಣಗಳು. ಪ್ರತಿಯೊಂದಕ್ಕೂ ಔಷಧ ಹೆಚ್ಚಾಗಿಯೇ ಹಾಕಿ, 24ರಿಂದ 48 ಗಂಟೆ ಶೇಕರ್‌ನಲ್ಲಿಟ್ಟು, ಸೋಸಿ, ಅಳೆಯಿರಿ. ಮುಂದಿನ ಎಲ್ಲ ತೀರ್ಮಾನಕ್ಕೂ ಈ ಪಟ್ಟಿಯೇ ಆಧಾರ.

ಅಳಿಯ ಮತ್ತು ಮಾವನ ಮನೆ

ಔಷಧ ಚೆನ್ನಾಗಿ ಕರಗಿದಷ್ಟೂ ಒಳ್ಳೆಯದು ಎಂದು ನಾನು ತಿಳಿದಿದ್ದೆ. ಪ್ರೊಪಿಲೀನ್ ಗ್ಲೈಕಾಲ್ ಜಾಸ್ತಿ ಸುರಿದೆ. ಜೆಲ್ ಕನ್ನಡಿಯ ಹಾಗೆ ಹೊಳೆಯಿತು. ಚರ್ಮ ದಾಟಿದ ಔಷಧ ಮಾತ್ರ ಇಳಿದುಹೋಯಿತು.

ಮಾವನ ಮನೆಯಲ್ಲಿ ಹೊತ್ತುಹೊತ್ತಿಗೆ ಹೋಳಿಗೆ ಸಿಕ್ಕರೆ ಅಳಿಯ ಯಾಕೆ ಹೊರಡುತ್ತಾನೆ? ಔಷಧವೂ ಹಾಗೇ. ಜೆಲ್‌ನಲ್ಲಿ ಸುಖ ಜಾಸ್ತಿಯಾದರೆ ಅಲ್ಲೇ ಉಳಿಯುತ್ತದೆ. ಚರ್ಮದ ಕಡೆ ದೂಡುವ ಒತ್ತಡ ಔಷಧ ಎಷ್ಟಿದೆ ಎಂಬುದರ ಮೇಲೆ ಅಷ್ಟೇ ನಿಂತಿಲ್ಲ. ಆ ದ್ರಾವಕದ ಗರಿಷ್ಠ ಮಿತಿಗೆ ಅದು ಎಷ್ಟು ಹತ್ತಿರ ಇದೆ ಎಂಬುದರ ಮೇಲೆ ನಿಂತಿದೆ. ಮಿತಿ ಶೇ. 1.3 ಇರುವ ಮಿಶ್ರಣದಲ್ಲಿ ಶೇ. 1.16 ಹಾಕಿದರೆ ಒತ್ತಡ ಜೋರು. ಮಿತಿ ಶೇ. 8 ಇರುವಲ್ಲಿ ಅದೇ 1.16 ಹಾಕಿದರೆ ಸೋಮಾರಿತನ.

ಹಾಗಂತ ಮಿತಿಯ ಅಂಚಿನಲ್ಲೇ ನಿಂತರೆ, ರಾತ್ರಿ ತಣ್ಣಗಾದಾಗ ಹರಳು ಬೀಳುತ್ತದೆ. ಡಿಸೆಂಬರ್ ಬೆಳಗ್ಗೆ ಬೆಂಗಳೂರಿನ ಲ್ಯಾಬ್ ಸಾಕಷ್ಟು ತಣ್ಣಗಿರುತ್ತದೆ ಅಲ್ವಾ. ಆದ್ದರಿಂದ ಸ್ವಲ್ಪ ಜಾಗ ಬಿಡಿ, ತುಂಬಾ ಬಿಡಬೇಡಿ. ಇದಕ್ಕೆ ಆಲ್ಕೋಹಾಲ್ ಒಂದು ಒಳ್ಳೆಯ ಉಪಾಯ. ಟ್ಯೂಬಿನೊಳಗೆ ಔಷಧವನ್ನು ಕರಗಿಸಿಡುತ್ತದೆ. ಚರ್ಮಕ್ಕೆ ಹಚ್ಚಿದ ಮೇಲೆ ಆರಿಹೋಗುತ್ತದೆ. ಆಗ ಉಳಿದ ಪದರದಲ್ಲಿ ಔಷಧ ಒತ್ತೊತ್ತಾಗಿ, ಒಳಗೆ ಹೋಗುವ ಒತ್ತಡ ಏರುತ್ತದೆ.

ನೀರು ಮತ್ತು ಪಾಲಿಮರ್

ಜೆಲ್ ಕಟ್ಟಲು ಹೆಚ್ಚು ಬಳಕೆಯಲ್ಲಿರುವುದು ಕಾರ್ಬೋಪಾಲ್ ಎಂಬ ಪಾಲಿಮರ್. ಹಳೆಯ ಪ್ರಬಂಧಗಳಲ್ಲಿ ಎಲ್ಲೆಲ್ಲೂ ಕಾರ್ಬೋಪಾಲ್ 940 ಕಾಣಿಸುತ್ತದೆ. ಅದನ್ನು ತಯಾರಿಸುವಾಗ ಬೆಂಜೀನ್ ಬಳಸುತ್ತಾರೆ, ಅದರ ಉಳಿಕೆ ಚಿಂತೆಯ ವಿಷಯ. ಹೊಸದಾಗಿ ಶುರು ಮಾಡುವವರು 980 ತೆಗೆದುಕೊಳ್ಳಿ. ಗಟ್ಟಿತನ ಹೆಚ್ಚು ಕಡಿಮೆ ಅದೇ, ಬೆಂಜೀನ್ ಇಲ್ಲ.

ಕಾರ್ಬೋಪಾಲ್‌ಗೆ ಲವಣ ಆಗುವುದಿಲ್ಲ. ಸೋಡಿಯಂ ಬಿದ್ದರೆ ತೆಳ್ಳಗಾಗುತ್ತದೆ, ಕ್ಯಾಲ್ಸಿಯಂ ಬಿದ್ದರೆ ಕುಸಿದೇ ಬೀಳುತ್ತದೆ. ಬೆಂಗಳೂರಿನವರಿಗೆ ಇದು ಪುಸ್ತಕದ ಮಾತಲ್ಲ. ಬೋರ್‌ವೆಲ್ ನೀರು ಬರುವ ಕಡೆ ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ ನೋಡಿದ್ದೀರಿ. ಅದೇ ಕ್ಯಾಲ್ಸಿಯಂ. ನಮ್ಮ ಲ್ಯಾಬಿನ ಡಿಸ್ಟಿಲೇಶನ್ ಯೂನಿಟ್ ಕೆಟ್ಟಿದ್ದ ವಾರ ಒಬ್ಬ ಗೆಳೆಯ ಸುಮ್ನೆ ನಲ್ಲಿ ನೀರಲ್ಲೇ ಬ್ಯಾಚ್ ಮಾಡಿದ. ಎಷ್ಟು ಕಾರ್ಬೋಪಾಲ್ ಸುರಿದರೂ ತಿಳಿಸಾರಿನ ಹಾಗೇ ಇತ್ತು. ಶುದ್ಧೀಕರಿಸಿದ ನೀರು ಸಿಗುವವರೆಗೆ ಕಾಯಿರಿ.

ಕಾರ್ಬೋಪಾಲ್ ಬೇಡ ಅನ್ನುವವರಿಗೆ ಎಚ್‌ಪಿಎಂಸಿ ಕೆ4ಎಂ ಎಂಬ ಸೆಲ್ಯುಲೋಸ್ ಪಾಲಿಮರ್ ಇದೆ. ಲವಣಕ್ಕೆ ಇಷ್ಟು ಹೆದರುವುದಿಲ್ಲ, ಪಿಎಚ್ ಸರಿ ಮಾಡುವ ಗೋಜೂ ಇಲ್ಲ. ಮೂರನೇ ಒಂದು ಪಾಲು ನೀರನ್ನು 80 ಡಿಗ್ರಿ ಸೆಲ್ಸಿಯಸ್ ದಾಟಿಸಿ ಪುಡಿ ಹರಡಿ, ಉಳಿದ ನೀರು ತಣ್ಣಗೆ ಸೇರಿಸಿದರೆ ಆಯಿತು. ಆದರೆ ಹಚ್ಚಿದ ಮೇಲೆ ಅಂಟು ಅನ್ನಿಸುತ್ತದೆ. ನನಗೆ ಹಿಡಿಸಲಿಲ್ಲ.

ಬ್ಯಾಚ್ ಮಾಡುವ ದಿನ

100 ಗ್ರಾಂಗೆ ನಾನು ಶುರು ಮಾಡುವ ಅಳತೆ ಇದು: ಡೈಕ್ಲೋಫೆನಾಕ್ ಡೈಈಥೈಲಮೀನ್ 1.16 ಗ್ರಾಂ, ಕಾರ್ಬೋಪಾಲ್ 980 1 ಗ್ರಾಂ, ಪ್ರೊಪಿಲೀನ್ ಗ್ಲೈಕಾಲ್ 10 ಗ್ರಾಂ, ಐಸೊಪ್ರೊಪೈಲ್ ಆಲ್ಕೋಹಾಲ್ 20 ಗ್ರಾಂ, ಟ್ರೈಎಥನಾಲಮೀನ್ (ಕಾರ್ಬೋಪಾಲ್‌ನ ಆಮ್ಲ ತಗ್ಗಿಸಿ ಜೆಲ್ ಕಟ್ಟಿಸುವ ಕ್ಷಾರ) ಸುಮಾರು 1.5 ಗ್ರಾಂ, ಉಳಿದದ್ದು ನೀರು. ಇದು ಶುರು ಮಾಡಲು ಅಷ್ಟೇ. ನಿಮ್ಮ ಕರಗುವಿಕೆಯ ಪಟ್ಟಿ ನೋಡಿ ಬದಲಿಸಿಕೊಳ್ಳಿ.

ಮೊದಲು 60 ಗ್ರಾಂ ನೀರಿಗೆ ಕಾರ್ಬೋಪಾಲ್. ಸ್ಟಿರರ್ ತಿರುಗುತ್ತಿರಲಿ, ನೀರಿನ ಸುಳಿಯ ಅಂಚಿಗೆ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಒಟ್ಟಿಗೇ ಸುರಿದರೆ ಕೋಲಾಡಿಸದ ರಾಗಿ ಮುದ್ದೆಯ ಹಾಗೆ ಗಂಟು ಕಟ್ಟುತ್ತದೆ. ಹೊರಗೆ ಲೋಳೆ, ಒಳಗೆ ಒಣ ಹಿಟ್ಟು. ಆ ಗಂಟು ಮುರಿಯಲು ಜೋರಾಗಿ ತಿರುಗಿಸಿದರೆ ಗಾಳಿ ಸೇರುತ್ತದೆ, ಪಾಲಿಮರ್ ಕೂಡ ಮುರಿಯಬಹುದು. ಉದುರಿಸಿ ಮುಗಿದ ಮೇಲೆ ಮುಚ್ಚಿಟ್ಟು ಮನೆಗೆ ಹೋಗಿ. ಬೆಳಗ್ಗೆ ಬಂದರೆ ಪುಡಿ ಚೆನ್ನಾಗಿ ನೆಂದಿರುತ್ತದೆ, ಗುಳ್ಳೆಗಳೂ ಮೇಲೆ ಬಂದು ಹೋಗಿರುತ್ತವೆ.

ಇನ್ನೊಂದು ಬೀಕರ್‌ನಲ್ಲಿ ಆಲ್ಕೋಹಾಲ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿ ಔಷಧ ಕರಗಿಸಿ. ಹತ್ತಿರ ಬರ್ನರ್ ಉರಿಯುತ್ತಿರಬಾರದು. ಬೆಳಕಿಗೆ ಎದೆ ಎತ್ತರ ಹಿಡಿದು ನೋಡಿ, ಒಂದು ಕಣವೂ ಉಳಿದಿರಬಾರದು.

ಈಗ ನಾನು ಎಡವಿದ ಜಾಗ. ನಾನು ಔಷಧದ ದ್ರಾವಣವನ್ನು ನೇರ ಕಾರ್ಬೋಪಾಲ್‌ಗೆ ಸುರಿದೆ, ಟ್ರೈಎಥನಾಲಮೀನ್ ಕೊನೆಗೆ ಹಾಕಿದರಾಯಿತು ಎಂದುಕೊಂಡು. ಎಷ್ಟೋ ಕಡೆ ಹಾಗೇ ಬರೆದಿರುತ್ತಾರೆ. ನಿಮಿಷದೊಳಗೆ ಬೀಕರ್ ಮಜ್ಜಿಗೆಯಂತೆ ಬೆಳ್ಳಗಾಯಿತು. ಅಂಗಡಿಯ ಟ್ಯೂಬಿನ ಜೆಲ್ ಕೂಡ ಬಿಳಿಯೇ ಅಲ್ವಾ ಎಂದು ಖುಷಿಪಟ್ಟೆ! ಅಂಗಡಿಯದ್ದು ಬಿಳಿ ಇರುವುದು ಎಣ್ಣೆ ಬೆರೆತ ಕಾರಣ. ನನ್ನದನ್ನು ಮೈಕ್ರೋಸ್ಕೋಪ್ ಕೆಳಗಿಟ್ಟರೆ ಬರೀ ಹರಳು.

ಆದದ್ದು ಇಷ್ಟು. ನೀರಿನಲ್ಲಿ ನೆಂದ ಕಾರ್ಬೋಪಾಲ್‌ನ ಪಿಎಚ್ ಸುಮಾರು 3. ಡೈಕ್ಲೋಫೆನಾಕ್‌ನ ಪಿಕೆಎ (ಅರ್ಧ ಪಾಲು ಆಮ್ಲ ರೂಪದಲ್ಲಿರುವ ಪಿಎಚ್) ಸುಮಾರು 4. ಪಿಎಚ್ 3ರಲ್ಲಿ ಔಷಧದ ಹತ್ತರಲ್ಲಿ ಒಂಬತ್ತು ಪಾಲು ಆಮ್ಲ ರೂಪಕ್ಕೆ ತಿರುಗುತ್ತದೆ. ಆ ರೂಪ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು, ತಳ ಸೇರುತ್ತದೆ. ಆಮೇಲೆ ಟ್ರೈಎಥನಾಲಮೀನ್ ಹಾಕಿದಾಗ ಸ್ವಲ್ಪ ಮರಳಿ ಕರಗಿತು. ಅಷ್ಟರಲ್ಲಿ ಜೆಲ್ ಗಟ್ಟಿಯಾಗಿ, ಉಳಿದ ಹರಳು ಅಲ್ಲಲ್ಲೇ ಸಿಕ್ಕಿಕೊಂಡವು. ಮೇಲಿನಿಂದ ತೆಗೆದ ಸ್ಯಾಂಪಲ್‌ನಲ್ಲಿ ಔಷಧದ ಲೆಕ್ಕ ಒಂದು, ತಳದಿಂದ ತೆಗೆದದ್ದರಲ್ಲಿ ಇನ್ನೊಂದು.

ಆದ್ದರಿಂದ ಮೊದಲು ಟ್ರೈಎಥನಾಲಮೀನ್‌ನಲ್ಲಿ ಮುಕ್ಕಾಲು ಪಾಲು ಹನಿಹನಿಯಾಗಿ ಹಾಕಿ, ಪಿಎಚ್ 6 ದಾಟಿಸಿ. ಜೆಲ್ ಕಟ್ಟುತ್ತದೆ. ಆಮೇಲೆ ಔಷಧದ ದ್ರಾವಣವನ್ನು ಸಣ್ಣ ಧಾರೆಯಲ್ಲಿ ಬಿಡಿ. ಮ್ಯಾಗ್ನೆಟಿಕ್ ಸ್ಟಿರರ್ ಈ ಹಂತದಲ್ಲಿ ಸೋಲುತ್ತದೆ, ಮೇಲಿನಿಂದ ಇಳಿಯುವ ಪ್ಯಾಡಲ್ ಸ್ಟಿರರ್ ಬೇಕು, ನಿಧಾನಕ್ಕೆ ತಿರುಗಬೇಕು. ಔಷಧವೂ ಒಂದು ಲವಣವೇ ಆದ್ದರಿಂದ ಜೆಲ್ ಒಂದಿಷ್ಟು ಸಡಿಲವಾಗುತ್ತದೆ, ಗಾಬರಿ ಬೇಡ. ಉಳಿದ ಟ್ರೈಎಥನಾಲಮೀನ್‌ನಿಂದ ಪಿಎಚ್ 6.8ರಿಂದ 7ಕ್ಕೆ ತಂದು, ನೀರು ಹಾಕಿ ತೂಕ 100 ಮಾಡಿ. ಸೋಡಿಯಂ ಹೈಡ್ರಾಕ್ಸೈಡ್ ಬಳಸಬೇಡಿ, ಆಲ್ಕೋಹಾಲ್ ಜಾಸ್ತಿಯಾದ ಕಡೆ ಅದು ಕೈ ಕೊಡುತ್ತದೆ.

ಪಿಎಚ್ 7ರಲ್ಲಿ ಔಷಧದ ಸಾವಿರದಲ್ಲಿ ಒಂದು ಪಾಲು ಮಾತ್ರ ಆಮ್ಲ ರೂಪದಲ್ಲಿರುತ್ತದೆ. ಚರ್ಮ ದಾಟಲು ಸುಲಭವಾದದ್ದು ಆ ರೂಪವೇ. ಹಾಗಾದರೆ ಪಿಎಚ್ ಇಳಿಸಬಾರದೇಕೆ ಎಂದು ಕೇಳಬಹುದು. ಇಳಿಸಿದರೆ ಮತ್ತೆ ಮಜ್ಜಿಗೆ. ಈ ಎಳೆದಾಟದಲ್ಲಿ ನೆರವಿಗೆ ಬರುವುದೇ ಡೈಈಥೈಲಮೀನ್ ಜೋಡಿ ಮತ್ತು ಆರಿಹೋಗುವ ಆಲ್ಕೋಹಾಲ್.

ಔಷಧ ಇಲ್ಲದ, ಉಳಿದೆಲ್ಲ ಇರುವ ಒಂದು ಬ್ಯಾಚ್ ಕೂಡ ಅದೇ ದಿನ ಮಾಡಿಡಿ. ಪ್ರತಿ ಪರೀಕ್ಷೆಗೂ ಅದು ಬೇಕಾಗುತ್ತದೆ.

ಮೇಜಿನ ಮೇಲಿನ ಪರೀಕ್ಷೆಗಳು

ಒಂದು ದಿನ ಬಿಟ್ಟು ಪಿಎಚ್ ಮತ್ತೆ ನೋಡಿ. ಬ್ರೂಕ್‌ಫೀಲ್ಡ್ ವಿಸ್ಕೋಮೀಟರ್‌ನಲ್ಲಿ ಗಟ್ಟಿತನ ಅಳೆಯುವಾಗ ಒಂದೇ ವೇಗದಲ್ಲಿ ಅಳೆದು ಬಿಡಬೇಡಿ, ಏರಿಸುತ್ತಾ ಇಳಿಸುತ್ತಾ ನೋಡಿ. ಟ್ಯೂಬ್‌ನಲ್ಲಿ ನಿಲ್ಲಬೇಕು, ಉಜ್ಜಿದರೆ ಜಾರಬೇಕು. ಹರಡುವಿಕೆಗೆ ಎರಡು ಗಾಜಿನ ಸ್ಲೈಡ್, ಮೇಲೊಂದು ತೂಕ ಸಾಕು.

ಔಷಧದ ಪ್ರಮಾಣಕ್ಕೆ 1 ಗ್ರಾಂ ಜೆಲ್ ಅನ್ನು ಮೆಥನಾಲ್‌ನಲ್ಲಿ ಸಾನಿಕೇಟ್ ಮಾಡಿ (ಶಬ್ದತರಂಗದಿಂದ ಅಲುಗಿಸಿ) 100 ಮಿಲಿ ಮಾಡಿ, ಸೋಸಿ, ಅದರಲ್ಲಿ 1 ಮಿಲಿ ತೆಗೆದು 10 ಮಿಲಿ ಮಾಡಿ. ಮಿಲಿಗೆ 11.6 ಮೈಕ್ರೋಗ್ರಾಂ ಬರಬೇಕು. ಹೋಲಿಕೆಯ ಬ್ಲಾಂಕ್ ಆಗಿ ಆ ಔಷಧರಹಿತ ಜೆಲ್ ಇಡಿ. ಸ್ಯಾಂಪಲ್ ಮೇಲಿನಿಂದ, ನಡುವಿನಿಂದ, ತಳದಿಂದ ಮೂರೂ ಕಡೆ ತೆಗೆಯಿರಿ. ಯಾಕೆ ಎಂದು ಈಗಾಗಲೇ ಹೇಳಿದ್ದೇನೆ.

ಫ್ರಾನ್ಜ್ ಸೆಲ್

ನಿಜವಾದ ಪರೀಕ್ಷೆ ಇದು. ಫ್ರಾನ್ಜ್ ಸೆಲ್ ಎಂದರೆ ಔಷಧ ಎಷ್ಟು ದಾಟುತ್ತದೆ ಎಂದು ಅಳೆಯುವ ಗಾಜಿನ ಸಾಧನ. ಮೇಲೆ ಜೆಲ್, ನಡುವೆ ಪೊರೆ ಅಥವಾ ಚರ್ಮ, ಕೆಳಗೆ ಪಿಎಚ್ 7.4 ಫಾಸ್ಫೇಟ್ ಬಫರ್. ಚರ್ಮದ ಮೇಲ್ಮೈ ಉಷ್ಣತೆ 32 ಡಿಗ್ರಿ ಇರಬೇಕು. ವಾಟರ್‌ಬಾತ್‌ನ ಡಿಸ್‌ಪ್ಲೇ ನಂಬಬೇಡಿ. ಕೊಳವೆಯಲ್ಲಿ ಬರುವಷ್ಟರಲ್ಲಿ ನೀರು ಆರುತ್ತದೆ, ಚಳಿಗಾಲದಲ್ಲಂತೂ ಜಾಸ್ತಿ. ಪೊರೆಯ ಮೇಲೆಯೇ ಥರ್ಮಾಮೀಟರ್ ಇಟ್ಟು ನೋಡಿ.

ಬಫರ್‌ನ ಗಾಳಿ ಮೊದಲೇ ತೆಗೆದಿರಿ. ಪೊರೆಯ ಕೆಳಗೆ ಒಂದು ಗುಳ್ಳೆ ಕೂತರೆ ಅಷ್ಟು ಜಾಗದಲ್ಲಿ ಏನೂ ದಾಟುವುದಿಲ್ಲ. ಪ್ರತಿ ಸ್ಯಾಂಪಲ್ ಆದ ಮೇಲೆ ಸೆಲ್ ಅನ್ನು ಓರೆ ಮಾಡಿ ಗುಳ್ಳೆ ಹೊರಗೆ ಕಳಿಸಿ.

ಲೆಕ್ಕವೂ ಮೊದಲೇ ಇರಲಿ. 300 ಮಿಲಿಗ್ರಾಂ ಜೆಲ್‌ನಲ್ಲಿ 3.48 ಮಿಲಿಗ್ರಾಂ ಔಷಧ. ಕೆಳಗೆ 12 ಮಿಲಿ ಬಫರ್ ಇದ್ದರೆ, ಎಲ್ಲವೂ ಇಳಿದರೂ ಮಿಲಿಗೆ 0.29 ಮಿಲಿಗ್ರಾಂ. ಅದರ ಕನಿಷ್ಠ ಮೂರು ಪಟ್ಟು ಕರಗಿಸುವ ಶಕ್ತಿ ಬಫರ್‌ಗಿರಬೇಕು. ಇಲ್ಲದಿದ್ದರೆ ಕೆಳಗೆ ಜಾಗವಿಲ್ಲದೆ ಔಷಧ ನಿಲ್ಲುತ್ತದೆ, ನೀವು ಜೆಲ್ ಅನ್ನು ಬೈಯುತ್ತೀರಿ. ಸ್ಯಾಂಪಲ್ ತೆಗೆದಷ್ಟೇ ಬಿಸಿ ಬಫರ್ ಮರಳಿ ತುಂಬಿ, ತೆಗೆದುಹಾಕಿದ ಔಷಧವನ್ನು ಮುಂದಿನ ಲೆಕ್ಕಕ್ಕೆ ಸೇರಿಸಿ.

ಕೃತಕ ಪೊರೆಯ ಮೇಲೆ ಮಾಡಿದ್ದು "ಬಿಡುಗಡೆ". ಚರ್ಮದ ಮೇಲೆ ಮಾಡಿದ್ದು "ದಾಟುವಿಕೆ". ಡಯಾಲಿಸಿಸ್ ಪೊರೆಯಲ್ಲಿ ಎಂಟು ಗಂಟೆಗೆ ಬಹುಪಾಲು ಔಷಧ ಇಳಿಯಿತು, ಆದ್ದರಿಂದ ಈ ಜೆಲ್ ಚರ್ಮಕ್ಕೆ ಉತ್ತಮ ಎಂದು ಬರೆದ ಪ್ರಬಂಧಗಳನ್ನು ಓದಿ ಓದಿ ಸಾಕಾಗಿದೆ. ಡಯಾಲಿಸಿಸ್ ಪೊರೆ ಜರಡಿ, ಚರ್ಮ ಗೋಡೆ. ಬಿಡುಗಡೆಯ ಪರೀಕ್ಷೆ ಬ್ಯಾಚ್‌ಗಳನ್ನು ಹೋಲಿಸಲು ಒಳ್ಳೆಯದು. ಬಿಡುಗಡೆಯಾದ ಪ್ರಮಾಣವನ್ನು ಸಮಯದ ವರ್ಗಮೂಲಕ್ಕೆ ಎದುರಾಗಿ ಹಾಕಿದರೆ ನೇರ ಗೆರೆ ಬರುತ್ತದೆ, ಆ ಇಳಿಜಾರನ್ನು ಹೋಲಿಸಿ. ಅದರಿಂದ ಚರ್ಮದ ಬಗ್ಗೆ ಏನೂ ಹೇಳಬೇಡಿ.

ಚರ್ಮಕ್ಕೆ ನಮಗೆ ಕೈಗೆಟಕುವುದು ಹಂದಿಯ ಕಿವಿ. ಮನುಷ್ಯನ ಚರ್ಮಕ್ಕೆ ಸಾಕಷ್ಟು ಹತ್ತಿರ. ಕಾಲೇಜಿನ ಅನುಮತಿ ತೆಗೆದುಕೊಂಡು, ಹಂದಿ ಮಾಂಸದ ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಡಿ: "ಅಣ್ಣಾ, ಬಿಸಿ ನೀರು ಹಾಕೋಕೆ ಮುಂಚೆ ಕಿವಿ ತೆಗೆದಿಡಿ." ರೋಮ ತೆಗೆಯಲು ಬಿಸಿ ನೀರು ಸುರಿದರೆ ಮೇಲ್ಪದರ ಸಡಿಲವಾಗುತ್ತದೆ. ಅಂಥ ಕಿವಿಯಲ್ಲಿ ಎಂಥ ಜೆಲ್ ಹಚ್ಚಿದರೂ ಅದ್ಭುತ ಫಲಿತಾಂಶ ಬರುತ್ತದೆ, ಒಂದೂ ನಿಜವಲ್ಲ. ಕಿವಿಯ ಹೊರಬದಿಯ ಚರ್ಮವನ್ನು ಮೃದ್ವಸ್ಥಿಯಿಂದ ಬಿಡಿಸಿ, ಕೆಳಗಿನ ಕೊಬ್ಬು ತೆಗೆದು, ಫಾಯಿಲ್‌ನಲ್ಲಿ ಸುತ್ತಿ ಮೈನಸ್ 20 ಡಿಗ್ರಿಯಲ್ಲಿಡಿ. ಬಳಸುವ ಮುನ್ನ ವಿದ್ಯುತ್ ತಡೆ ಅಳೆದು, ತೂತು ಗೀರು ಇರುವ ತುಂಡು ಬಿಸಾಡಿ.

ಒಂದೊಂದು ಜೆಲ್‌ಗೆ ಆರು ಸೆಲ್. ಪಕ್ಕದಲ್ಲೇ ಅಂಗಡಿಯ ಟ್ಯೂಬಿನ ಜೆಲ್‌ಗೆ ಆರು. ಎರಡಕ್ಕೂ ಅದೇ ಕಿವಿಗಳ ತುಂಡುಗಳನ್ನು ಹಂಚಿ, ಯಾಕೆಂದರೆ ಹಂದಿಯಿಂದ ಹಂದಿಗೆ ಚರ್ಮ ಬೇರೆ. ಚದರ ಸೆಂಟಿಮೀಟರ್‌ಗೆ ಎಷ್ಟು ದಾಟಿತು ಎಂದು ಗಂಟೆಗಳ ಎದುರು ಹಾಕಿ. ಮೊದಲು ಗೆರೆ ನೆಲಕ್ಕೇ ಅಂಟಿರುತ್ತದೆ, ಆಮೇಲೆ ಏರುತ್ತದೆ. ನೇರವಾಗಿ ಏರುವ ಭಾಗದ ಇಳಿಜಾರೇ ನಿಮಗೆ ಬೇಕಾದ ಅಂಕಿ.

ಟ್ಯೂಬಿಗೆ ತುಂಬಿ ಕಾಯುವುದು

ಡೈಕ್ಲೋಫೆನಾಕ್ ಬೆಳಕಿಗೆ ಕೆಡುತ್ತದೆ. ಒಳಗೆ ಲ್ಯಾಕರ್ ಬಳಿದ ಅಲ್ಯೂಮಿನಿಯಂ ಟ್ಯೂಬ್ ಒಳ್ಳೆಯದು. ಬೀಕರ್‌ಗೆ ಫಾಯಿಲ್ ಮುಚ್ಚಿ ಸ್ಟೆಬಿಲಿಟಿ (ಎಷ್ಟು ಕಾಲ ಕೆಡದೆ ಇರುತ್ತದೆ ಎಂಬ ಪರೀಕ್ಷೆ) ಮಾಡಬೇಡಿ, ಆಲ್ಕೋಹಾಲ್ ಹಾರಿ ಲೆಕ್ಕ ಕೆಡುತ್ತದೆ. 40 ಡಿಗ್ರಿ, ಶೇ. 75 ತೇವಾಂಶದಲ್ಲಿ ಆರು ತಿಂಗಳು. ಪ್ರತಿ ಬಾರಿ ಮೊದಲು ಟ್ಯೂಬ್ ತೂಗಿ. ತೂಕ ಇಳಿದಿದ್ದರೆ ಸೀಲ್ ಸರಿಯಿಲ್ಲ. ಆಮೇಲೆ ಒಂದು ತೊಟ್ಟು ಮೈಕ್ರೋಸ್ಕೋಪ್ ಕೆಳಗೆ, ಹರಳಿಗಾಗಿ. ಬೆಂಗಳೂರಿನ ತಂಪು ನೋಡಿ 40 ಡಿಗ್ರಿ ಅತಿ ಅನ್ನಿಸಬಹುದು. ಆದರೆ ಟ್ಯೂಬ್ ಏಪ್ರಿಲ್‌ನಲ್ಲಿ ಲಾರಿ ಹತ್ತಿ ರಾಯಚೂರಿಗೂ ಹೋಗುತ್ತದೆ.

ಅನುಮತಿ, ಮತ್ತು ಉಳಿದ ಜೆಲ್

ಇಲಿಯ ಪಾದದಲ್ಲಿ ಕ್ಯಾರಜೀನನ್‌ನಿಂದ ಊತ ಬರಿಸಿ ಪರೀಕ್ಷಿಸುವುದಾದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಮೊದಲು. ಮನುಷ್ಯರಿಗೆ ಹಚ್ಚುವುದಕ್ಕೆ ಇನ್ನೊಂದು ಸಮಿತಿ. "ಸುಮ್ನೆ ನನ್ನ ಕೈಗೇ ಹಚ್ಚಿ ನೋಡ್ತೀನಿ" ಎನ್ನುವವರಿಗೂ ಇದೇ ಮಾತು. ಆಸ್ಪಿರಿನ್ ಆಗದ ಆಸ್ತಮಾದವರಿಗೆ ಈ ಔಷಧ ಹಚ್ಚಿದರೂ ಅಪಾಯ, ಗರ್ಭದ ಕೊನೆಯ ತಿಂಗಳುಗಳಲ್ಲೂ ಬೇಡ. ಕಾಲೇಜಿನ ಹೊರಗೆ ಪ್ರಯೋಗಕ್ಕೆಂದು ತಯಾರಿಸುವವರಿಗೆ ಔಷಧ ನಿಯಂತ್ರಣ ಇಲಾಖೆಯ ಫಾರ್ಮ್ 29 ಪರವಾನಗಿ ಬೇಕು. ಮಾರುವ ಮಾತು ಅದಕ್ಕಿಂತ ಬಹಳ ದೂರದ್ದು.

ಉಳಿದ ಜೆಲ್ ಸಿಂಕ್‌ಗೆ ಹೋಗಬಾರದು, ಔಷಧ ತ್ಯಾಜ್ಯದ ಡಬ್ಬಕ್ಕೆ ಹೋಗಬೇಕು. ಊರಿಗೆ ಒಯ್ದು ಹಸುವಿನ ಊದಿದ ಕಾಲಿಗೆ ಹಚ್ಚುವುದಂತೂ ಬೇಡವೇ ಬೇಡ. ಡೈಕ್ಲೋಫೆನಾಕ್ ಪಡೆದ ದನ ಸತ್ತು, ಅದನ್ನು ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತವೆ. ಈ ಕಾರಣಕ್ಕೆ 2006ರಲ್ಲೇ ದನಗಳಿಗೆ ಇದರ ಬಳಕೆಯನ್ನು ದೇಶದಲ್ಲಿ ನಿಷೇಧಿಸಿದರು. ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗೆಂದೇ ಒಂದು ಧಾಮವಿದೆ. ದನದ ಕಾಲು ಊದಿದ್ದರೆ ಪಶುವೈದ್ಯರನ್ನು ಕರೆಯಿರಿ, ಅವರ ಬಳಿ ರಣಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಇರುತ್ತದೆ.